ಬಾಗಿಲು ಮೇಡಂ ಮತ್ತು ಓಟಗಾರನ ಫೋಟೊ

ಪತ್ರಿಕೋದ್ಯಮ ಕಲಿಸುವ ಆ ಸಂಸ್ಥೆಯ ಎರಡನೇ ಮಹಡಿಯಲ್ಲಿ ಹೊಸಬರು ಮೊದಲ ವಾರ ಪೆನ್ನು ಹಿಡಿಯುವಂತಿರಲಿಲ್ಲ, ಬಾಗಿಲು ತಟ್ಟಬೇಕಿತ್ತು. ಒಬ್ಬೊಬ್ಬರನ್ನೇ ಹೊರಗೆ ಕಳಿಸಿ ಮೇಡಂ ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗಿರುವವರು ವರದಿಗಾರರು, ಒಳಗಿರುವುದು ಸತ್ತವನ ಮನೆ. ತಟ್ಟಿದ ಮೇಲೆ ಆಡುವ ಮೊದಲ ಮಾತಿಗೆ ಹತ್ತಕ್ಕೆ ಅಂಕ. ನಾಲ್ಕು ದಾಟಿದವರು ಕಡಿಮೆ. ಹೀಗೆ ಆಕೆಗೆ ‘ಬಾಗಿಲು ಮೇಡಂ’ ಎಂಬ ಹೆಸರು ಅಂಟಿಕೊಂಡು, ಹೆತ್ತವರು ಇಟ್ಟ ಹೆಸರು ಮರೆತೇಹೋಗಿತ್ತು.

ಬಾಗಿಲು ಯಾರೇ ತಟ್ಟಲಿ, ಒಳಗಿನಿಂದ ಮೇಡಂ ಬರುತ್ತಿದ್ದದ್ದು ಅದೇ ಒಬ್ಬ ಹೆಂಗಸಾಗಿ. ಮೊಣಕೈವರೆಗೆ ಮೆತ್ತಿದ, ಯಾರಿಗೂ ಕಾಣದ ಸಾಬೂನಿನ ನೊರೆಯನ್ನು ಕೊಡವಿಕೊಳ್ಳುತ್ತ, ಮುಖ ಅರಳಿಸಿ, “ಯಾವ ವಿಷಯಕ್ಕಮ್ಮ? ಪಂದ್ಯದ ವಿಷಯಕ್ಕಾ?” ಎನ್ನುತ್ತಿದ್ದರು ಮೇಡಂ. ಹೊರಗಿನವರು ತಡವರಿಸಿದರೆ ಮುಂದಿನ ಪ್ರಶ್ನೆ ಸಿದ್ಧವಿರುತ್ತಿತ್ತು: “ಫೋಟೊ ನಗ್ತಾ ಇರೋದು ಕೊಡ್ಲಾ, ಗಂಭೀರವಾಗಿರೋದು ಕೊಡ್ಲಾ?”

ಮೇಡಂ ನಟನೆಯಲ್ಲೂ ಗಟ್ಟಿಗಿತ್ತಿ ಎಂದುಕೊಂಡ ಹುಡುಗರು ಈ ಮಾತನ್ನು ಕ್ಯಾಂಟೀನಿಗೂ ಒಯ್ದಿದ್ದರು. ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದು, “ನಗ್ತಾ ಇರೋದು ಕೊಡ್ಲಾ, ಗಂಭೀರವಾಗಿರೋದು ಕೊಡ್ಲಾ?” ಎಂದು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಆ ದಾರಿಯಲ್ಲಿ ಬಂದರೆ ಮೇಡಂ ಕಿವಿ ಕೇಳದವರ ಹಾಗೆ ಹಾದುಹೋಗುತ್ತಿದ್ದರು.

ಆ ಮಾತನ್ನು ಮೊದಲು ಆಡಿದವಳು ನಿಜವಾಗಿಯೂ ಇದ್ದಳು.

ಮೇಡಂ ಅವರ ಅಪ್ಪ ಮನೆಮನೆಗೆ ತಂತಿ ಹಂಚುತ್ತಿದ್ದ ಅಂಚೆಯವರು. ಸಾವಿನ ತಂತಿ ಬಂದ ದಿನ ಸೈಕಲ್ಲನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಹೋಗುತ್ತಿದ್ದರು. ಮೊದಲು ಪಕ್ಕದ ಮನೆಯವರನ್ನು ಕರೆಯುವುದು, ಆಮೇಲೆ ಈ ಮನೆಯಲ್ಲಿ ಕುಡಿಯಲು ನೀರು ಕೇಳುವುದು, ಮನೆಯವರು ಕೂತ ಮೇಲಷ್ಟೇ ಕಾಗದ ಕೊಡುವುದು. “ನಿಂತವರ ಕೈಗೆ ಸಾವು ಕೊಡಬಾರದು ಮಗಾ, ಬೀಳ್ತಾರೆ” ಎನ್ನುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳೂ ಇದನ್ನು ಕೇಳಿಕೊಂಡೇ ಬೆಳೆದರು. ಕಿರಿಯವಳು ಹೊಲಿಗೆ ಕಲಿತಳು. ಹಿರಿಯವಳು ಪತ್ರಿಕೆಗೆ ಸೇರಿದಳು, ಅಪ್ಪನ ಮಾತನ್ನು ಮನೆಯಲ್ಲೇ ಬಿಟ್ಟು.

ಆಗ ಅವಳನ್ನು ಯಾರೂ ಮೇಡಂ ಎನ್ನುತ್ತಿರಲಿಲ್ಲ. ಸತ್ತವರ ಮನೆಯಿಂದ ಫೋಟೊ ತರುವುದರಲ್ಲಿ ಅವಳದು ಎತ್ತಿದ ಕೈ. “ಮುಖ ಇಲ್ಲದ ಸಾವು ಒಳಪುಟಕ್ಕೆ” ಎನ್ನುತ್ತಿದ್ದ ಮುಖ್ಯ ವರದಿಗಾರರು, ಅವಘಡದ ಸುದ್ದಿ ಬಂದೊಡನೆ ಅವಳ ಮೇಜಿನತ್ತಲೇ ನೋಡುತ್ತಿದ್ದರು. ಇಪ್ಪತ್ತೇಳರ ವಯಸ್ಸಿನಲ್ಲಿ, ಕಲ್ಲುಗಣಿಯ ಗೋಡೆ ಕುಸಿದು ಮೂವರು ಸತ್ತ ಮಧ್ಯಾಹ್ನ, ಎರಡು ಫೋಟೊಗಳನ್ನು ಆಗಲೇ ಚೀಲಕ್ಕೆ ಹಾಕಿಕೊಂಡು ಮೂರನೇ ಮನೆಯ ಬಾಗಿಲು ತಟ್ಟಿದಳು. ಬಟ್ಟೆ ಒಗೆಯುತ್ತಿದ್ದ ತಾಯಿ ನೊರೆಗೈಯಲ್ಲೇ ಬಂದಳು.

“ಪತ್ರಿಕೆಯಿಂದ ಬಂದೆ. ನಿಮ್ಮ ಮಗನ ಫೋಟೊ ಬೇಕಿತ್ತು.”

“ಪಂದ್ಯದ ವಿಷಯಕ್ಕಾ? ಓಟದಲ್ಲಿ ಎರಡನೇ ಬಹುಮಾನ ಬಂತಲ್ಲ, ಅದಕ್ಕಾ?”

ಸಾವಿನ ಸುದ್ದಿ ಈ ಮನೆಗೆ ಇನ್ನೂ ತಲುಪಿಲ್ಲ ಎಂದು ಅವಳಿಗೆ ತಿಳಿದದ್ದು ಆಗ. ತಿಳಿದ ಮೇಲೂ, “ಹೂಂ” ಎಂದಳು.

ತಾಯಿ ಕೈ ಒರೆಸಿಕೊಂಡು ಎರಡು ಫೋಟೊ ತಂದು, ಯಾವುದು ಕೊಡಲಿ ಎಂದು ಕೇಳಿದಳು. ಮುಖಪುಟಕ್ಕೆ ಚೆನ್ನಾಗಿರುತ್ತದೆ ಎಂದು ಇವಳು ನಗುವುದನ್ನೇ ಆರಿಸಿಕೊಂಡಳು. ಬೀದಿಯ ತಿರುವಿನಲ್ಲಿ ಗಣಿಯ ಕಡೆಯ ಇಬ್ಬರು ತಲೆ ತಗ್ಗಿಸಿಕೊಂಡು ಎದುರಾದರು.

ಮರುದಿನ ಹುಡುಗ ಮುಖಪುಟದಲ್ಲಿ ನಕ್ಕ. ಕಚೇರಿಯಲ್ಲಿ ಬೆನ್ನು ತಟ್ಟಿದರು. ತಂದ ಫೋಟೊವನ್ನು ಹಿಂದಿರುಗಿಸುವ ಪದ್ಧತಿ ಇತ್ತು; ಇವತ್ತು ನಾಳೆ ಎಂದು ವರ್ಷ ತಳ್ಳಿ, ಕೊನೆಗೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ತಾಯಿ ಎಲ್ಲಿ ಹೋದಳೆಂದು ಅವರಿಗೂ ಗೊತ್ತಿರಲಿಲ್ಲ, ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ.

ಅದಾಗಿ ಮೂವತ್ತೊಂದು ವರ್ಷ. ಫೋಟೊ ಕಪಾಟಿನ ಲಕೋಟೆಯಲ್ಲಿತ್ತು. ಮದುವೆಯಾಗದ ಅಕ್ಕ, ಗಂಡ ತೀರಿಕೊಂಡ ತಂಗಿ, ಇಬ್ಬರೇ ಇದ್ದ ಮನೆಯಲ್ಲಿ ಬಟ್ಟೆ ಒಗೆಯುವುದೂ ತಂಗಿ, ಯಾರಾದರೂ ಬಾಗಿಲು ತಟ್ಟಿದರೆ ತೆಗೆಯುವುದೂ ತಂಗಿಯೇ.

“ನಿನಗೆ ಅರವತ್ತಾಗ್ತಾ ಬಂತು, ನನ್ನ ಮಂಡಿ ಸವೆದು ಹೋಯ್ತು. ನಮ್ಮ ಕಪಾಟಿನ ಹುಡುಗನಿಗೆ ಮಾತ್ರ ಇನ್ನೂ ಇಪ್ಪತ್ತೆರಡೇ” ಎಂದು ತಂಗಿ ಹೊಲಿಗೆ ಯಂತ್ರದ ಮುಂದೆ ಕೂತು ಕುಟುಕುತ್ತಿದ್ದಳು. “ಊಟಕ್ಕೆ ಒಂದು ತಟ್ಟೆ ಹಾಕೋದೊಂದು ಬಾಕಿ, ಅಕ್ಕಾ.”

“ಸುಮ್ನೆ ಹೊಲಿ.”

ಈ ವರ್ಷದ ತಂಡದಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿಯೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ‘ಅರಳು’. ಬಾಗಿಲ ಪಾಠದಲ್ಲಿ ಹತ್ತಕ್ಕೆ ಒಂಬತ್ತು ಪಡೆದವಳು. ಅವಳನ್ನು ತರಬೇತಿಗೆಂದು ಒಂದು ದಿನಪತ್ರಿಕೆಗೆ ಕಳಿಸಿದ್ದರು. ಒಂದು ಮಧ್ಯಾಹ್ನ ಮೇಡಂ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅವಳ ಫೋನು ಬಂತು. ಎಂದೂ ಇಲ್ಲದ ಪಿಸುದನಿ.

“ಮೇಡಂ, ಐಸ್ ಫ್ಯಾಕ್ಟರಿಯಲ್ಲಿ ಗ್ಯಾಸ್ ಸೋರಿ ಒಬ್ಬರು ತೀರಿಕೊಂಡಿದ್ದಾರೆ. ಅವರ ಮನೆ ಬಾಗಿಲಲ್ಲೇ ಇದ್ದೀನಿ. ಇಲ್ಲಿ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತು?”

“ಅವರಪ್ಪ ಬಾಗಿಲು ತೆಗೆದ್ರು. ಮಹಡಿ ರೂಮು ಬಾಡಿಗೆಗಿದೆ ಅಂತ ಬೋರ್ಡ್ ಹಾಕಿದ್ದಾರೆ. ರೂಮು ನೋಡೋಕೆ ಬಂದ್ಯಾಮ್ಮ ಅಂದ್ರು.”

“ನೀನೇನಂದೆ?”

“ಹೂಂ ಅಂದುಬಿಟ್ಟೆ, ಮೇಡಂ. ಬೀಗದ ಕೈ ತರೋಕೆ ಒಳಗೆ ಹೋಗಿದ್ದಾರೆ. ಹಾಗೇ ಹೊರಟು ಬಂದುಬಿಡ್ಲಾ?”

ಮೇಡಂ ಹಿಡಿದಿದ್ದ ಕೆಂಪು ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತು, ಶಾಯಿ ದೊಡ್ಡ ಚುಕ್ಕೆಯಾಗಿ ಹರಡಿತು. ಬಾ ಎನ್ನುವುದು ಸುಲಭವಿತ್ತು. ಹಾಗೆ ಹೊರಟು ಬಂದವಳ ಗತಿ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ಎಲ್ಲೂ ಹೋಗ್ಬೇಡ. ಇನ್ನೊಂದು ಸುಳ್ಳು ಹೇಳ್ಬೇಡ. ಫೋಟೊ ಅಂತ ಬಾಯಿ ಬಿಡ್ಲೇಬೇಡ. ವಿಳಾಸ ಕಳಿಸು, ನಾನು ಬರ್ತೀನಿ.”

ಆಟೋದಲ್ಲಿ ಕೂತೇ ಫ್ಯಾಕ್ಟರಿಗೆ ಫೋನು ಮಾಡಿ, ಸತ್ತವನ ಹೆಸರು, ತಂದೆಯ ಹೆಸರು ಎರಡನ್ನೂ ಕೇಳಿ ಖಚಿತ ಮಾಡಿಕೊಂಡರು. ಮನೆಯವರಿಗೆ ಹೇಳಲು ಜನ ಹೊರಟಿದ್ದಾರೆ ಎಂಬ ಉತ್ತರ ಬಂತು. ಹೇಳುವವರು ಬರುವತನಕ ಆ ಹುಡುಗಿ ರೂಮು ನೋಡಲು ಬಂದವಳಾಗಿಯೇ ಉಳಿಯಬಹುದಿತ್ತು. ಆದರೆ ಆಮೇಲೆ ಆ ತಂದೆಗೆ ನೆನಪಾಗುವುದು ಈ ಸುಳ್ಳಲ್ಲದೆ ಇನ್ನೇನು?

ಬೀದಿಯ ತುದಿಯಲ್ಲೇ ಇಳಿದು ನಡೆದರು. ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ, ಇಸ್ತ್ರಿ ಮಾಡುತ್ತಿದ್ದ ಹೆಂಗಸಿಗೆ ವಿಷಯ ತಿಳಿಸಿ, ಜೊತೆಗೆ ಕರೆದುಕೊಂಡರು. ಮಹಡಿಯ ಮೇಲೆ ಆ ತಂದೆ ಕಿಟಕಿ ತೆರೆದು ತೋರಿಸುತ್ತಿದ್ದರು.

“ಗಾಳಿಗೇನೂ ಕಮ್ಮಿ ಇಲ್ಲ. ನಿನ್ನೆ ರಾತ್ರಿ ಬಣ್ಣ ಹೊಡೆದಿದ್ದು ನನ್ನ ಮಗನೇ. ಈ ಮೂಲೆ ಒಂದು ಬಿಟ್ಟಿದ್ದಾನೆ ಸೋಮಾರಿ. ಭಾನುವಾರ ಹಿಡಿದು ಕೂರಿಸಿ ಮುಗಿಸ್ತೀನಿ.” ಮೇಡಂ ಅವರನ್ನು ಕಂಡು, “ನೀವು ಇವಳ ತಾಯಿಯಾ?” ಎಂದರು.

“ಅಲ್ಲ. ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ, ಅಣ್ಣ?”

ಅವರು ನೀರು ತಂದರು. ಮೇಡಂ ಕುಡಿದು ಲೋಟ ಕೆಳಗಿಟ್ಟು, ಮೆಟ್ಟಿಲಿನ ಮೇಲೆ ಕೂರಲು ಹೇಳಿ, ತಾವು ಒಂದು ಮೆಟ್ಟಿಲು ಕೆಳಗೆ ಕೂತರು.

“ಈ ಹುಡುಗಿ ರೂಮು ನೋಡೋಕೆ ಬಂದವಳಲ್ಲ. ಪತ್ರಿಕೆಯವಳು. ಹೂಂ ಅಂದಿದ್ದು ಸುಳ್ಳು. ನಾನು ಇವಳಿಗೆ ಪಾಠ ಹೇಳೋಳು.”

ಅವರು ಇಬ್ಬರನ್ನೂ ನೋಡಿ, ಬಾಗಿಲಲ್ಲಿ ನಿಂತ ಪಕ್ಕದ ಮನೆಯವಳನ್ನೂ ನೋಡಿದರು. “ಹಾಗಾದ್ರೆ ರೂಮು ಬೇಡ್ವಾ?”

“ಬೇಡ” ಎಂದು ಮೇಡಂ, ದನಿ ಏರಿಸದೆ ಇಳಿಸದೆ, ಉಳಿದದ್ದನ್ನು ಮೂರು ವಾಕ್ಯದಲ್ಲಿ ಹೇಳಿದರು. ಆ ಮನುಷ್ಯ ಬೀಳಲಿಲ್ಲ, ಕೂತಿದ್ದರು. ಬೀಗದ ಕೈಯನ್ನು ಬೆರಳಿನಲ್ಲಿ ಸುತ್ತಿಸುತ್ತಲೇ ಇದ್ದರು. ಫ್ಯಾಕ್ಟರಿಯವರು ಬಂದ ಮೇಲೆ ಇವರಿಬ್ಬರು ಎದ್ದಾಗ ಅವರು ತಲೆಯೆತ್ತದೆ, “ಗೋಡೆಗೆ ಒರಗಬೇಡಮ್ಮ, ಬಣ್ಣ ಹಸಿ ಇದೆ” ಎಂದರು ಅರಳುವಿಗೆ.

ಮರುದಿನ ಬೇರೆ ಪತ್ರಿಕೆಗಳಲ್ಲಿ ಆ ಮಗನ ಮುಖವಿತ್ತು. ಅರಳುವಿನ ಪತ್ರಿಕೆಯಲ್ಲಿ ಒಳಪುಟದ ಆರು ಸಾಲು. ತರಬೇತಿ ಸಾಕು, ನಾಳೆಯಿಂದ ಬರುವುದು ಬೇಡ ಎಂದು ಅಲ್ಲಿಯವರು ಹೇಳಿ ಕಳಿಸಿದರು.

ತರಗತಿಗೆ ಮರಳಿದ ಅವಳನ್ನು ಹಿಂದಿನ ಬೆಂಚಿನ ಒಬ್ಬ ಅದೇ ಮಾತಿನಿಂದ ಬರಮಾಡಿಕೊಂಡ. “ಏನಮ್ಮ ಅರಳು, ನಗ್ತಾ ಇರೋದು ತಂದ್ಯಾ, ಗಂಭೀರವಾಗಿರೋದು ತಂದ್ಯಾ?”

“ಬಾಯಿ ಮುಚ್ಚೋ” ಎಂದಳು ಅರಳು. ಆಮೇಲೆ ಮೇಡಂ ಕಡೆ ತಿರುಗಿ, “ನಾನು ಹೂಂ ಅಂದೆ ಅಂದಾಗ ನೀವು ಬೈಯಲೇ ಇಲ್ಲ, ಮೇಡಂ. ನಿಮಗೆ ಆಶ್ಚರ್ಯವೂ ಆಗಲಿಲ್ಲ. ಯಾಕೆ?” ಎಂದು ಕೇಳಿದಳು.

ಮರುದಿನ ಮೇಡಂ ಮನೆಯಿಂದ ಲಕೋಟೆ ತಂದರು. ಫೋಟೊ ಹೊರತೆಗೆದು, ನೊರೆಗೈಯ ಹೆಂಗಸು ಯಾರೆಂದು ಹೇಳಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ಬೆಂಚಿನವನು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

“ಅರಳು, ಇವತ್ತು ನೀನು ಒಳಗಿರು” ಎಂದು ಮೇಡಂ ಫೋಟೊ ಹಿಡಿದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಇಲ್ಲಿ ಪಾಠ ಹೇಳಿದ ಹದಿನೈದು ವರ್ಷದಲ್ಲಿ ಆ ಬಾಗಿಲಿನ ಹೊರಮೈಯನ್ನು ಅವರು ನಿಂತು ನೋಡಿದ್ದು ಅಂದೇ. ಹುಡುಗರ ಬೆರಳ ಗೆಣ್ಣು ತಾಗಿ ತಾಗಿ ಎದೆಯೆತ್ತರದಲ್ಲಿ ಅಂಗೈಯಷ್ಟು ಬಣ್ಣ ಎದ್ದುಹೋಗಿತ್ತು. ಆಮೇಲೆ ತಟ್ಟಿದರು.

ಅರಳು ಬಾಗಿಲು ತೆರೆದಳು. ಮೊಣಕೈಯಿಂದ ಕೆಳಕ್ಕೆ ನೊರೆ ಕೊಡವಿದಳು, ತಾನು ಕಲಿತ ಹಾಗೆಯೇ. “ಯಾವ ವಿಷಯಕ್ಕಮ್ಮ? ಪಂದ್ಯದ ವಿಷಯಕ್ಕಾ?”

“ಅಲ್ಲ” ಎಂದರು ಮೇಡಂ. “ಸ್ವಲ್ಪ ನೀರು ಕೊಡಿ.”

ಅವರ ದನಿ ಒಣಗಿದ್ದನ್ನು ಕೇಳಿ, ನಿಜಕ್ಕೂ ಬಾಯಾರಿರಬೇಕೆಂದು ಅರಳು ಬೆಂಚಿನ ಮೇಲಿದ್ದ ಬಾಟಲಿ ತರಲು ಓಡಿದಳು. ಬಾಗಿಲು ಬರಿದಾಯಿತು. ಮೇಡಂ ಹೊಸ್ತಿಲಾಚೆಯೇ ನಿಂತು, ಎರಡು ಕೈಯಲ್ಲೂ ಫೋಟೊವನ್ನು ಮುಂದೆ ಹಿಡಿದಿದ್ದರು.

“ಕೂತ್ಕೊಳ್ಳಿ, ಅಮ್ಮಾ” ಎಂದರು.

ಮುಂದಿನ ಬೆಂಚಿನವರು ಅವರು ನೋಡುತ್ತಿದ್ದ ಕಡೆಗೇ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.