ಪೋಯಿಂದಿ ಅನ್ನೋ ಕಂಪ್ಯೂಟರು

ನಾನು ರಾಮಚಂದ್ರಪ್ಪ, ಮಾಸ್ತಿ ಹತ್ತಿರದ ಸಣ್ಣ ರಾಗಿ ಬೀಜಕೇಂದ್ರದ ಮೇಲ್ವಿಚಾರಕ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ, ಒಪ್ಕೋತೀನಿ. ಆದ್ರೂ ನಮ್ಮ ಸಹಾಯಕಿ ರಜನಿ ವಿಷಯ ಹೇಳಲೇಬೇಕು.

ಬೆಂಕಿ ರೋಗ ತಡೆಯೋ ರಾಗಿ ಹುಡುಕೋಕೆ ಸಾವಿರದ ಇನ್ನೂರು ನಾಟಿ ತಳಿ ಬೆಳೆದಿದ್ದೆವು. ಹೋಳೂರಿನ ಗಂಗುಲಪ್ಪ ಎರಡು ವರ್ಷ ಆ ರೋಗಕ್ಕೆ ಬೆಳೆ ಕಳ್ಕೊಂಡಿದ್ದ. "ಈ ಸಲ ನಿಮ್ಮ ಬೀಜಾನೇ ಬಿತ್ತೋದು" ಅಂತ ಹೊಲ ಉತ್ತು ಕಾಯ್ತಿದ್ದ. ಬಿತ್ತನೆಗೆ ಹನ್ನೆರಡೇ ದಿನ. ನಾನು ಮೇಲಮೇಲೆ ಲೆಕ್ಕ ಹಾಕಿ, ಅರವತ್ತು ತಳಿ ಪಾಸ್ ಅಂತ ಸಾರಿ, ಮೈಸೂರುಪಾಕು ಹಂಚಿಬಿಟ್ಟೆ.

ರಜನಿ ತಿಂದು, ಕೈ ಒರೆಸಿಕೊಂಡು ಕೇಳಿದಳು: "ಸಾರ್, ನಿಮ್ಮ ಪರೀಕ್ಷೇಲಿ ನೂರಕ್ಕೆ ಐದು ತಳಿ ಬರೀ ಅದೃಷ್ಟದಿಂದ್ಲೇ ಪಾಸಾಗುತ್ತೆ. ಸಾವಿರದ ಇನ್ನೂರಕ್ಕೆ ಎಷ್ಟಾಯ್ತು?"

ಅರವತ್ತು! ಇಂಗು ತಿಂದ ಮಂಗ ಆಗಿಬಿಟ್ಟೆ.

"ನೀವು ಫೇಲ್ ಮಾಡಿದ್ರಲ್ಲೂ ಒಳ್ಳೇದಿರಬಹುದು, ಎಲ್ಲಾ ನೋಡಬೇಕು" ಅಂದಳು. ದಾರೀನೂ ಹೇಳಿದಳು. ಹೊಲದ ಮಡಿಗಳಿಗಿರೋ ತಳಿ ಹೆಸರುಗಳನ್ನ ಕಂಪ್ಯೂಟರಲ್ಲೇ ಇಸ್ಪೀಟಿನ ಥರ ಕಲೆಸಿ ಹಂಚೋದು. ಹೀಗೆ ಸುಮ್ನೆ ಹಂಚಿದಾಗ್ಲೂ ಮತ್ತೆ ಮತ್ತೆ ಅಷ್ಟೇ ಒಳ್ಳೇ ಫಲ ಬಂದ್ರೆ ಅದು ಬರೀ ಅದೃಷ್ಟ, ತಳಿಯ ಹೆಚ್ಚುಗಾರಿಕೆ ಏನೂ ಇಲ್ಲ. ಆದ್ರೆ ಒಂದೊಂದಕ್ಕೂ ಲಕ್ಷ ಸಲ ಕಲೆಸಬೇಕು. ನಮ್ಮ ಹಳೇ ಕಂಪ್ಯೂಟರಿಗೆ ನಲವತ್ತು ದಿನದ ಕೆಲಸ. ಗಂಗುಲಪ್ಪಂಗೆ ಏನಂತ ಹೇಳ್ಲಿ?

ಭಾನುವಾರ ಊರಿಗೆ ಹೋದವಳು ನಗ್ತಾ ವಾಪಸ್ ಬಂದಳು. ಅವಳಮ್ಮ ಮುನಿಯಲ್ಲಮ್ಮ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಆರಿಸ್ತಾರೆ. ಕೊಳೆತದ್ದನ್ನ ಒಂದೇ ಸಲ ಒತ್ತಿ, "ಪೋಯಿಂದಿ", ಹೋಯ್ತು ಅಂತ ತೆಲುಗಲ್ಲಿ ಹೇಳಿ ಎಸೀತಾರೆ. ಅನುಮಾನ ಇರೋದನ್ನ ಮಾತ್ರ ತಿರುಗಿಸಿ ಮೂಸೋದು.

"ಕೊಳೆತದ್ದನ್ನೂ ನಾನ್ಯಾಕೆ ಲಕ್ಷ ಸಲ ಮೂಸ್ಲಿ ಸಾರ್?"

ಅದೃಷ್ಟ ಹತ್ತು ಸಲ ಸರಿಗಟ್ಟಿದ ತಳಿಯನ್ನ ಅಲ್ಲೇ ಕೈಬಿಡೋ ಹಾಗೆ ಪ್ರೋಗ್ರಾಂ ಬರೆದಳು. ತೆರೆ ಮೇಲೆ ಸಾಲುಸಾಲು: ಪೋಯಿಂದಿ, ಪೋಯಿಂದಿ. ಕೊನೆಗೆ ನನ್ನ ಮೆಚ್ಚಿನ ತಳೀನೂ ಹೋಯ್ತು.

"ಅಮ್ಮಾ ತಾಯಿ, ಅದು ನಮ್ಮಪ್ಪ ಬಿತ್ತುತ್ತಿದ್ದದ್ದು!"

"ಕಂಪ್ಯೂಟರಿಗೆ ನಿಮ್ಮಪ್ಪ ಯಾರು ಅಂತ ಗೊತ್ತಿಲ್ಲ ಸಾರ್."

ಸಂಜೆ ಹೊತ್ತಿಗೆ ಉಳಿದದ್ದು ನಾಲ್ಕು. ಒಂದಂತೂ ನಾನು ಫೇಲ್ ಮಾಡಿದ್ದು. ಗಂಗುಲಪ್ಪ ಆ ನಾಲ್ಕನ್ನೇ ಬಿತ್ತಿದ.

ಕೊಯ್ಲಿಗೆ ತೆನೆ ಹೊತ್ತು ಬಂದ. ಒಂದು ತಳಿ ಸೋತಿತ್ತು, ಮೂರನ್ನ ರೋಗ ಮುಟ್ಟಿರಲಿಲ್ಲ. ಅವತ್ತು ಮುನಿಯಲ್ಲಮ್ಮನೂ ಮಗಳ ಕೆಲಸ ನೋಡೋಕೆ ಬಂದಿದ್ದರು. ಒಂದು ತೆನೆ ತಗೊಂಡು ಒತ್ತಿದರು, ತಿರುಗಿಸಿದರು, ಮೂಸಿದರು.

"ಉಂದಿ" ಅಂದರು. ಇದೆ.

ರಜನಿ ಅತ್ತೇಬಿಟ್ಟಳು. ನಾನು ಮೈಸೂರುಪಾಕು ತರೋಕೆ ಹೊರಟೆ.