ದಾರಿಗೆ ಹಚ್ಚಿದ ಕವಳಿ ಮುಳ್ಳು

ನಮ್ಮ ಬಚ್ಚಲುಮನೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಇದೆ. ಅದು ಇರುವುದು ಬಟ್ಟೆ ನೆನೆಹಾಕುವುದಕ್ಕೆ ಎಂದು ನನ್ನ ಹೆಂಡತಿ ಸುಮಿತ್ರಾ ನಂಬಿದ್ದಾಳೆ. ಆದರೆ ಹೋದ ಚಳಿಗಾಲದಲ್ಲಿ ರವಿವಾರ ಬಂತೆಂದರೆ ಆ ಟಬ್ಬಿನಲ್ಲಿ ಬಟ್ಟೆಯ ಬದಲು ಸೈಕಲ್ಲಿನ ಕರಿಯ ಟ್ಯೂಬು ಮುಳುಗಿರುತ್ತಿತ್ತು. ಐವತ್ತಮೂರು ವರ್ಷದ ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮೂಗು ನೀರಿಗೆ ತಾಗುವಷ್ಟು ಬಾಗಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ಕಾಯುತ್ತಿದ್ದೆ. ಟೈರಿನಿಂದ ಕಿತ್ತ ಮುಳ್ಳನ್ನು ಕಿಟಕಿಯ ಕಟ್ಟೆಯ ಮೇಲೆ, ಮುಲಾಮಿನ ಡಬ್ಬಿಯ ಮುಚ್ಚಳದಲ್ಲಿ ಕೂಡಿಡುತ್ತಿದ್ದೆ. ಸೇಡಿನಿಂದ ಕೂಡಿಟ್ಟದ್ದು ಎಂದು ಒಪ್ಪಿಕೊಳ್ಳುತ್ತೇನೆ. ಏಳು ಮುಳ್ಳುಗಳಾಗಿದ್ದವು.

"ನಾ ನೂರ ಸಲ ಹೇಳೇನ್ರಿ, ಈ ಟಬ್ಬ ಮುಟ್ಟಬ್ಯಾಡ್ರಿ ಅಂತ. ಅರಿವಿಗೆಲ್ಲಾ ರಬ್ಬರ್ ವಾಸನಿ ಬರ್ತೇತಿ," ಎಂದು ಸುಮಿತ್ರಾ ಬಾಗಿಲಲ್ಲಿ ನಿಂತು ಹೇಳುವುದೂ, ನಾನು "ಇದೊಂದ ಸಲ" ಎನ್ನುವುದೂ ರವಿವಾರದ ಕಾರ್ಯಕ್ರಮದ ಭಾಗವೇ ಆಗಿಬಿಟ್ಟಿತ್ತು.

ಈ ಸೈಕಲ್ಲಿನ ಬಗ್ಗೆ ನಿಮಗೊಂದಿಷ್ಟು ಹೇಳಲೇಬೇಕು, ಹೇಳದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ನಮ್ಮ ಕಾಲದ ಸೈಕಲ್ಲಿಗೆ ಸ್ಟ್ಯಾಂಡ್ ಇತ್ತು, ಗಂಟೆ ಇತ್ತು, ಕೆಸರು ಸಿಡಿಯದಂತೆ ಮಡ್‌ಗಾರ್ಡ್ ಇತ್ತು, ಹಿಂದೆ ಒಂದು ಕ್ಯಾರಿಯರ್ ಇತ್ತು, ಅದರ ಮೇಲೆ ಹಿಟ್ಟಿನ ಚೀಲ ಇಟ್ಟುಕೊಂಡು ಗಿರಣಿಯಿಂದ ಮನೆಗೆ ಬರಬಹುದಿತ್ತು. ಗುಡ್ಡ ಹತ್ತುವುದಕ್ಕೆಂದೇ ಮಾಡಿದ ಈ ಹೊಸ ಸೈಕಲ್ಲಿಗೆ ಇವು ಯಾವುವೂ ಇಲ್ಲ. ಇಲ್ಲದ್ದಕ್ಕೇ ಇದರ ಬೆಲೆ ಹೆಚ್ಚಂತೆ! ನಿಲ್ಲಿಸಬೇಕೆಂದರೆ ಗೋಡೆಗೆ ಆನಿಸಬೇಕು. ಆನಿಸಿದರೆ ಗೋಡೆಗೆ ಕಲೆ, ಆನಿಸದಿದ್ದರೆ ನೆಲಕ್ಕೆ ಬೀಳುತ್ತದೆ. ಇದರ ಜೊತೆಗೆ ಕುಂಡಿಗೆ ಮೆತ್ತೆ ಹಚ್ಚಿದ ಒಂದು ಬಿಗಿಯಾದ ಚಡ್ಡಿ ಬೇರೆ. ಅದು ನಮ್ಮ ಮಾಳಿಗೆಯ ಹಗ್ಗದ ಮೇಲೆ ಒಣಗುವಾಗ ಪಕ್ಕದ ಮನೆಯ ಅಜ್ಜಿ ಸುಮಿತ್ರಾಳನ್ನು ಕರೆದು, ಯಜಮಾನರಿಗೆ ಏನು ತೊಂದರೆ ಎಂದು ಮರುಕದಿಂದ ವಿಚಾರಿಸಿದ್ದುಂಟು.

ಇಷ್ಟಕ್ಕೆಲ್ಲ ಕಾರಣ ನನ್ನ ಗೆಳೆಯ ಪಾಟೀಲ. ಸ್ವಂತ ಫೌಂಡ್ರಿ ಇದೆ, ವಾರವಿಡೀ ಕಬ್ಬಿಣ ಕಾಯಿಸುತ್ತಾನೆ, ರವಿವಾರ ಗುಡ್ಡಕ್ಕೆ ಹೋಗುತ್ತಾನೆ. ವೈದ್ಯರು ನನಗೆ ಸಕ್ಕರೆ ಬಿಡಿ, ಮೈ ಬಗ್ಗಿಸಿ ಎಂದಾಗ ಈತ ಅದನ್ನು ತನಗೇ ಹೇಳಿದರೆಂಬಂತೆ ಕಿವಿಗೆ ಹಾಕಿಕೊಂಡು ನನ್ನನ್ನು ತನ್ನ ತಂಡಕ್ಕೆ ಎಳೆದ. ಊರಂಚಿನ ಪೀರನವಾಡಿಯ ಚಹಾದಂಗಡಿಯ ಮುಂದೆ ಬೆಳಿಗ್ಗೆ ಆರಕ್ಕೆ ಐದಾರು ಜನ ಸೇರುತ್ತೇವೆ. ಅಲ್ಲಿಂದ ಖಾನಾಪುರದ ದಾರಿ ಹಿಡಿದು, ಡಾಂಬರು ಬಿಟ್ಟು, ಒಂದು ಹಳ್ಳಿಯ ಹಿಂದಿನ ಗುಡ್ಡ ಹತ್ತಿ ಇಳಿಯುತ್ತೇವೆ. ತಂಡದಲ್ಲಿ ಸವಾರಿಗೆ ನಾನೇ ಕೊನೆ, ಪಂಕ್ಚರ್ ಹಾಕುವುದಕ್ಕೆ ನಾನೇ ಮೊದಲು.

ಆ ಗುಡ್ಡ ಊರಿನ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಸಾರ್ವಜನಿಕ ಜಾಗ. ಹೋದ ದೀಪಾವಳಿ ಮುಗಿದು ಕೆಸರು ಒಣಗಿದ ಮೇಲೆ ಪಾಟೀಲ ಅಲ್ಲೊಂದು ಹೊಸ ದಾರಿಯನ್ನು 'ಕಂಡುಹಿಡಿದ'. ಹೆಂಗಸರು ಕಟ್ಟಿಗೆ ಹೊತ್ತು ಇಳಿಯುವ ಕಾಲುದಾರಿ ಅದು. ಅವರ ಅಜ್ಜಿಯರ ಕಾಲದಿಂದಲೂ ಅಲ್ಲೇ ಇತ್ತು. ಎರಡೂ ಬದಿ ಒತ್ತಿ ಬೆಳೆದ ಕಂಟಿಗಳು ನಮ್ಮ ಹ್ಯಾಂಡಲ್ಲಿಗೆ ತಾಗುತ್ತಿದ್ದವಾದ್ದರಿಂದ ಎರಡು ರವಿವಾರ ಕುಡಗೋಲು ಹಿಡಿದು ಅವನ್ನು ಬುಡಮಟ್ಟ ಸವರಿ ಹಾಕಿದೆವು. ನಾನೂ ಸವರಿದೆ, ಬೆವರಿಳಿಸಿಕೊಂಡು, ಉಮೇದಿನಿಂದ. ಆಮೇಲೆ ಪಾಟೀಲ ಆ ದಾರಿಯನ್ನು ಫೋನಿನ ನಕ್ಷೆಗೆ ಏರಿಸಿ ಅದಕ್ಕೆ 'ಬ್ಲ್ಯಾಕ್ ಕೋಬ್ರಾ' ಎಂದು ಹೆಸರಿಟ್ಟ. ಒಂದು ಹಾವೂ ಕಾಣದ ದಾರಿಗೆ ಆ ಹೆಸರೇಕೆ ಎಂದು ಕೇಳಿದರೆ, ಹೆಸರಿನಲ್ಲಿ ಹೆದರಿಕೆ ಇದ್ದರೇ ಜನ ಬರುವುದು ಎಂದ. ಬಂದರು ಕೂಡ. ಗೋವಾದಿಂದ, ಕೊಲ್ಹಾಪುರದಿಂದ ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ಬಂದರು.

ಆಗ ಶುರುವಾಯಿತು ನೋಡಿ ಮುಳ್ಳಿನ ಕಾಟ. ಇಳಿಜಾರಿನ ತಿರುವಿನಲ್ಲಿ ದಾರಿಗೆ ಅಡ್ಡಲಾಗಿ ಒಣಗಿದ ಮುಳ್ಳುಕೊಂಬೆಗಳು ಬಿದ್ದಿರುತ್ತಿದ್ದವು. ತೆಗೆದು ಬದಿಗೆಸೆಯುತ್ತಿದ್ದೆವು. ಮುಂದಿನ ರವಿವಾರ ಮತ್ತೆ ಅಲ್ಲೇ. ಮತ್ತೆ ಎಸೆದೆವು, ಮತ್ತೆ ಬಿತ್ತು. ಗಾಳಿ ಎಂದರೊಬ್ಬರು, ಕಿಡಿಗೇಡಿಗಳು ಎಂದರು ಇನ್ನೊಬ್ಬರು. "ಹೊಟ್ಟಿಕಿಚ್ಚರಿ ಮಾಸ್ತರ, ಬ್ಯಾರೆ ಏನಿಲ್ಲ," ಎಂದ ಪಾಟೀಲ. ನಾನು ಪ್ರತಿ ವಾರ ಟಬ್ಬಿನ ಮುಂದೆ ಕುಳಿತು ಆ ಕಿಡಿಗೇಡಿಯ ವಂಶವನ್ನೆಲ್ಲ ಬೈದೆ.

ನಾನು ಶಾಲಾ ಮಾಸ್ತರ. ಒಂಬತ್ತನೆಯ ತರಗತಿಗೆ ಭೂಗೋಳ ಕಲಿಸುತ್ತೇನೆ. ನಕ್ಷೆಯಲ್ಲಿ ಈ ಗುರುತು ಬಾವಿ, ಈ ಗುರುತು ರೈಲುಹಳಿ, ಗುರುತು ಓದಲು ಬಾರದವನಿಗೆ ಊರು ತಿಳಿಯುವುದಿಲ್ಲ ಎಂದು ಇಪ್ಪತ್ತೆಂಟು ವರ್ಷಗಳಿಂದ ಬೋರ್ಡಿಗೆ ಬಡಿದು ಬಡಿದು ಹೇಳಿದವನು. ನನ್ನ ಅಜ್ಜನಿಗೆ ಬೈಲಹೊಂಗಲದ ಕಡೆ ಹೊಲವಿತ್ತು. ಬಿತ್ತಿದ ಹೊಲದ ದಾರಿಗೆ ಅಜ್ಜ ಒಂದು ಜಾಲಿ ಟೊಂಗೆ ಎಳೆದು ಮುಳ್ಳು ಹಚ್ಚಿದನೆಂದರೆ ಮುಗಿಯಿತು, ಊರಿನ ಎತ್ತೂ ಆ ಕಡೆ ಮುಖ ಹಾಕುತ್ತಿರಲಿಲ್ಲ. ನಾಲ್ಕು ವರ್ಷದ ನನಗೂ ಅದರ ಅರ್ಥ ಗೊತ್ತಿತ್ತು: ಇಲ್ಲೇನೋ ಬೆಳೆಯುತ್ತಿದೆ, ದಾಟಬೇಡ. ಅಂಥ ನಾನು ಏಳು ವಾರ ಅದೇ ಗುರುತನ್ನು ಕೈಯಾರೆ ಎತ್ತಿ ಬದಿಗೆಸೆದೆ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಒಳಗೆ ಏನಿತ್ತೋ ಆ ದೇವರೇ ಬಲ್ಲ.

ಕಣ್ಣು ತೆರೆಸಿದ್ದು ಲಕ್ಷ್ಮೀಬಾಯಿ. ಎಂಟನೆಯ ರವಿವಾರ ಉಳಿದವರೆಲ್ಲ ಇಳಿದುಹೋಗಿ, ನಾನೊಬ್ಬನೇ ಏದುಸಿರು ಬಿಡುತ್ತ ಹಿಂದೆ ಉಳಿದಿದ್ದೆ. ತಿರುವಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು, ಕಚ್ಚೆಸೀರೆ ಉಟ್ಟವಳು, ನಮ್ಮವರು ಆಗಷ್ಟೇ ಎಸೆದ ಕೊಂಬೆಗಳನ್ನು ಮತ್ತೆ ದಾರಿಗೆ ಎಳೆಯುತ್ತಿದ್ದಳು. ನನ್ನನ್ನು ಕಂಡು ಓಡಲಿಲ್ಲ, ಅಂಜಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರಿ ಸಾಹೇಬ್ರ, ಮುಳ್ಳ ಹಚ್ಚಿದ್ದು ಕಾಣಸೂದಿಲ್ಲೇನ್ರಿ ನಿಮಗ?"

ದಾರಿ ಎಲ್ಲರದ್ದಲ್ಲವೇ ಎಂದೇನೋ ತೊದಲಿದೆ.

"ದಾರಿ ಎಲ್ಲಾರದೂ ಐತಿ, ಖರೇ. ಈ ಕವಳಿ ಕಂಟಿ ಯಾರ ಕಡದ್ರು? ಅಹೋ, ಇಲ್ಲಿ ಬಗಾ," ಎಂದು ಮರಾಠಿ ಬೆರೆಸಿ, ಬಗ್ಗಿ ನೆಲ ತೋರಿಸಿದಳು.

ನೋಡಿದೆ. ನಾವು ಸವರಿದ ಮೋಟುಗಳ ಬುಡದಲ್ಲಿ ಬೆರಳುದ್ದದ ಕೆಂಪು ಚಿಗುರುಗಳು. ಅರ್ಧದಷ್ಟರ ಮೇಲೆ ಟೈರು ಹಾದು ನೆಲಕ್ಕೆ ಅರೆದುಹೋಗಿದ್ದವು. ನಾವು ಮುಳ್ಳುಕಂಟಿ ಎಂದು ಸವರಿದ್ದು ಕವಳಿಯನ್ನು! ಬೇಸಿಗೆ ಬಂತೆಂದರೆ ನಮ್ಮೂರಿನ ರವಿವಾರ ಪೇಟೆ ಎಂಬ ಮಾರುಕಟ್ಟೆಯ ಬಾಯಿಗೆ ಹೆಂಗಸರು ಬುಟ್ಟಿ ಹೊತ್ತು ತಂದು ಎಲೆಯ ದೊನ್ನೆಯಲ್ಲಿ ತುಂಬಿ ಕೊಡುವ ಕರಿಯ ಹಣ್ಣು, ತೊಟ್ಟಿನ ಹಾಲು ಅಂಟಿದ ತುಟಿ ಒಂದಕ್ಕೊಂದು ಹತ್ತುವಂಥ ಹಣ್ಣು, ಅದಿಲ್ಲದೆ ನನ್ನ ಮೇ ತಿಂಗಳು ಎಂದೂ ಮುಗಿದಿಲ್ಲ. ಐವತ್ತು ವರ್ಷ ತಿಂದ ಹಣ್ಣಿನ ಗಿಡ ನನಗೆ ಗುರುತು ಹತ್ತಲಿಲ್ಲ.

ಲಕ್ಷ್ಮೀಬಾಯಿ ಆ ಬುಟ್ಟಿ ಹೊರುವವರಲ್ಲಿ ಒಬ್ಬಳು. ಬೇಸಿಗೆಯ ಎರಡು ತಿಂಗಳು ಈ ಗುಡ್ಡವೇ ಅವಳ ಹೊಲ. ಬೇರೆ ಹೊಲ ಇಲ್ಲ. ಚಿಗುರನ್ನು ಎರಡು ಮಳೆಗಾಲ ಮುಟ್ಟದೆ ಬಿಟ್ಟರೆ ಕಂಟಿ ಮತ್ತೆ ಕಾಯಿ ಹಿಡಿಯುತ್ತದೆ. ಹೀಗೇ ಗಾಲಿ ಹಾಯುತ್ತಿದ್ದರೆ ಬುಡವೇ ಸಾಯುತ್ತದೆ. ದಾರಿಗೆ ಅವಳು ಎಳೆಯುತ್ತಿದ್ದದ್ದು ನಾವೇ ಕಡಿದು ಬಿಸಾಕಿದ ಅದೇ ಕೊಂಬೆಗಳನ್ನು. "ಈ ವರ್ಷ ಹಣ್ಣ ಹೋತು. ಬುಡಾರ ಉಳೀಲ್ರಿ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ನಾಚಿಕೆಯಾಯಿತು.

ಅಂದು ಚಹಾದಂಗಡಿಯಲ್ಲಿ ಇದನ್ನೆಲ್ಲ ಹೇಳಿ, ಆ ದಾರಿ ಬಿಡೋಣ ಎಂದೆ. ಮೇಲೆ ಬಂಡೆಯ ಬದಿಯಿಂದ ಇಳಿಯಲು ಇನ್ನೊಂದು ದಾರಿ ಇದೆಯಲ್ಲ ಎಂದೆ.

"ಅಕಿ ಹೊಲಾ ಏನ್ರಿ ಅದು? ಗಾಯರಾಣ ಐತಿ, ಎಲ್ಲಾರದು," ಎಂದ ಪಾಟೀಲ. "ಮತ್ತ ಫೋನಿನ್ಯಾಗ ಹೋಗೇತಿ ಅದು. ನಾವ ಬಿಟ್ರೂ ಮಂದಿ ಬಿಡೂದಿಲ್ಲ ಮಾಸ್ತರ."

ಈ 'ಎಲ್ಲರದು' ಎಂಬ ಮಾತು ಕೇಳಿದರೆ ಈಗೀಗ ನನಗೆ ಮೈ ಉರಿಯುತ್ತದೆ. ಓದುವ ಗೆಳೆಯರೇ, ನೀವೇ ಯೋಚಿಸಿ. ಎಲ್ಲರದು ಎಂದಾಗ ಅದರಲ್ಲಿ ನಮ್ಮ ಪಾಲು ರವಿವಾರದ ಎರಡು ತಾಸು. ಉಳಿದ ಹೊತ್ತೆಲ್ಲ ಅಲ್ಲಿ ನಡೆಯುವವರು, ಹೊರುವವರು, ಆರಿಸಿ ತರುವವರು ಬೇರೆ. ಆದರೂ ಆ ಮಾತನ್ನು ಎತ್ತುವವರು ಮಾತ್ರ ಎರಡು ತಾಸಿನ ನಾವು. ಕಾಲು ಸವೆಸಿದ ದಾರಿ ಬದಿಯ ಗಿಡವನ್ನು ಬದಿಗೇ ಬಿಟ್ಟು ಬಳಸಿಕೊಂಡು ಹೋಗುತ್ತದೆ. ತಲೆಯ ಮೇಲೆ ಹೊರೆ ಇದ್ದವರಿಗೂ ಕವಳಿ ಕಂಟಿ ಚುಚ್ಚಿರಲೇಬೇಕು. ಇಷ್ಟು ವರ್ಷ ಅವರಿಗೆ ಕುಡಗೋಲು ಸಿಗಲಿಲ್ಲವೇ? ಮೈ ಸ್ವಲ್ಪ ಓರೆ ಮಾಡಿ ದಾಟಿಕೊಂಡರು, ಬೇಸಿಗೆಯಲ್ಲಿ ಹಣ್ಣು ತಿಂದರು. ನಮಗೆ ಮೈ ಓರೆ ಮಾಡಲು ಬರಲಿಲ್ಲ, ಅಷ್ಟೇ. ವಾರವಿಡೀ ಗದ್ದಲ, ಹೊಗೆ, ಹಾರ್ನು ಎಂದು ಪೇಟೆಯನ್ನು ಶಪಿಸಿ ಗುಡ್ಡಕ್ಕೆ ಓಡುತ್ತೇವೆ, ಓಡುವಾಗ ಪೇಟೆಯ ಅವಸರವನ್ನೇ ಹೊತ್ತುಕೊಂಡು ಹೋಗುತ್ತೇವೆ. ಇದನ್ನು ಯಾರಿಗೆ ಹೇಳುವುದು? ಪಾಟೀಲನಿಗೆ ಹೇಳಿದೆ. ಆತ ಇನ್ನೊಂದು ಚಹಾ ತರಿಸಿದ.

ಶನಿವಾರ ನಮ್ಮದು ಬೆಳಗಿನ ಶಾಲೆ. ಆ ವಾರ ಅದು ಬಿಟ್ಟ ಮೇಲೆ ಖಾನಾಪುರದ ಬಸ್ಸು ಹಿಡಿದು, ಸೈಕಲ್ ಇಲ್ಲದೆ, ಗುಡ್ಡಕ್ಕೆ ನಡೆದು ಹೋದೆ. ಲಕ್ಷ್ಮೀಬಾಯಿ ಇದ್ದಳು. ನಾನೂ ಮುಳ್ಳು ಹಚ್ಚುತ್ತೇನೆ ಎಂದಾಗ ನನ್ನ ಕೈ ನೋಡಿ ನಕ್ಕಳು, ಸೆರಗಿನ ಗಂಟಿನಿಂದ ಒಂದು ಗೋಣಿತಾಟಿನ ತುಂಡು ತೆಗೆದು ಕೊಟ್ಟಳು. ನಾನು ಕೊಂಬೆಗಳನ್ನು ದಾರಿಯ ತುಂಬ ಹರವಿದ್ದನ್ನು ಕಂಡು ತಲೆ ಅಲ್ಲಾಡಿಸಿದಳು.

"ಹಂಗಲ್ರಿ. ಬುಡಾ ಒಳಗ, ತುದಿ ಬರಾಂವನ ಕಡೆ. ಬುಡದ ಮ್ಯಾಲೊಂದ ಕಲ್ಲ. ಬಾಜೂಕ ಒಂದ ಮೊಳಾ ಬಿಡ್ರಿ, ಹೊರಿ ಹೊತ್ತಾರ ನಡೀಬೇಕಲ್ಲ."

ಮುಳ್ಳು ಹಚ್ಚುವುದರಲ್ಲೂ ನಡೆಯುವವರಿಗೆ ಒಂದು ಮೊಳ ಬಿಡಬೇಕೆಂಬ ಲೆಕ್ಕ ಅವಳಲ್ಲಿತ್ತು. ಆಕೆ ಹೇಳಿದಂತೆಯೇ ಮೂರು ತಿರುವುಗಳಿಗೆ ಹಚ್ಚಿ, ಕೈಯೆಲ್ಲ ಗೀರಿಸಿಕೊಂಡು, ಐದರ ಬಸ್ಸಿಗೆ ಮನೆಗೆ ಬಂದೆ.

ಮರುದಿನ ಮೊಣಕಾಲು ನೋವು ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಹತ್ತೂವರೆಗೆ ಬಾಗಿಲು ಬಡಿದ ಸದ್ದು. ಪಾಟೀಲ, ಮೈತುಂಬ ಧೂಳು, ಹೆಗಲ ಮೇಲೆ ಸೈಕಲ್ಲು. ಹಿಂದಿನ ಗಾಲಿ ಚಪ್ಪಟೆ. ನೇರ ಬಚ್ಚಲಿಗೆ ಬಂದ. ನಾನು ಟ್ಯೂಬು ಬಿಚ್ಚಿ, ಗಾಳಿ ತುಂಬಿ, ಟಬ್ಬಿನಲ್ಲಿ ಮುಳುಗಿಸಿದೆ. ಗುಳ್ಳೆಗಳು ಸಾಲುಗಟ್ಟಿ ಎದ್ದವು. ಟೈರಿನ ಒಳಗೆ ಬೆರಳಾಡಿಸಿ ಮುಳ್ಳನ್ನು ಕಿತ್ತೆ.

"ಈ ಸಲ ಯಾವ ಮಗಾ ಹಚ್ಯಾನ ಗೊತ್ತಿಲ್ಲ, ಕಲ್ಲ ಬ್ಯಾರೆ ಹೇರ್ಯಾನ," ಎಂದ.

"ನಾನ ಹಚ್ಚೇನಿ," ಎಂದೆ.

ಇಪ್ಪತ್ತು ವರ್ಷದ ಗೆಳೆತನ, ಈಗ ಎದ್ದು ಹೋಗುತ್ತಾನೆ ಅಂದುಕೊಂಡೆ. ಆತ ನನ್ನ ಗೀರುಬಿದ್ದ ಕೈಗಳನ್ನು ನೋಡಿದ. ಮುಳ್ಳನ್ನು ನನ್ನಿಂದ ತೆಗೆದುಕೊಂಡು ಅಂಗೈಯಲ್ಲಿ ಹೊರಳಿಸಿದ.

"ಬುಡಾ ಒಳಗ ಇಟ್ಟಿದ್ರಿ," ಎಂದ. "ನಮ್ಮಜ್ಜಾನೂ ಹಂಗ ಇಡತಿದ್ದ. ಮೊದಲನೇ ವಾರಾನ ನನಗ ಗೊತ್ತಾಗಿತ್ರಿ ಮಾಸ್ತರ, ಅದೇನಂತ. ಗೊತ್ತಿದ್ದೂ ದಾಟೇನಿ."

ನಾನು ಟ್ಯೂಬಿಗೆ ತೇಪೆ ಹಚ್ಚುತ್ತ, ಶನಿವಾರ ಬಸ್ಸಿನಲ್ಲಿ ಹೋಗಿ ಬಂದದ್ದನ್ನು ಹೇಳಿದೆ. ಫೋನಿನ ನಕ್ಷೆಯಿಂದ ಆ ದಾರಿಯನ್ನು ತೆಗೆಯಲು ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಶನಿವಾರದ ಬಸ್ಸು ಎಷ್ಟಕ್ಕೆ ಎಂದು ಆತನೇ ಕೇಳಿದ. ಎರಡಕ್ಕೆ ಎಂದೆ.

"ಆತೇನ್ರಿ ನಿಮ್ಮದು? ಅರಿವಿ ನೆನಿಹಾಕಬೇಕು," ಎಂದಳು ಸುಮಿತ್ರಾ ಬಾಗಿಲಿನಿಂದ. ನೀರು ಚೆಲ್ಲಿ, ಟಬ್ಬನ್ನು ಸೋಪು ಹಚ್ಚಿ ಎರಡು ಸಲ ತೊಳೆದುಕೊಟ್ಟೆ. ಆಮೇಲೆ ಪಾಟೀಲನ ಕೈಯಲ್ಲಿದ್ದ ಮುಳ್ಳನ್ನು ಈಸಿಕೊಂಡು ಮುಚ್ಚಳದಲ್ಲಿ ಹಾಕಿದೆ. ಈಗ ಎಂಟಾಗಿವೆ. ಏಳು ಲಕ್ಷ್ಮೀಬಾಯಿ ಹಚ್ಚಿದ್ದು, ಒಂದು ನಾನು.