ರಮಾಬಾಯಿ ಬರೆದ ಹ್ಯಾಮಿನ ಪಥ್ಯ

ರಮಾಬಾಯಿ ಇಪ್ಪತ್ತಾರು ವರ್ಷ ರೋಗಿಗಳಿಗೆ ಮಾಂಸದ ಪಥ್ಯ ಬರೆದಳು. ಆ ಮಾಂಸವನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಚೆನ್ನೈನ ಒಂದು ಖಾಸಗಿ ಹೃದ್ರೋಗ ಆಸ್ಪತ್ರೆಯಲ್ಲಿ ಅವಳು ಹಿರಿಯ ಡಯಟೀಷಿಯನ್. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆಹಾರ ರಸಾಯನಶಾಸ್ತ್ರದಲ್ಲಿ ನಾನು ಕಲಿಸಿದವರ ಪೈಕಿ ಅವಳಷ್ಟು ಎಚ್ಚರದವಳು ಇನ್ನೊಬ್ಬಳಿಲ್ಲ ಎಂದು ಕಳೆದ ವರ್ಷದವರೆಗೂ ಹೇಳುತ್ತಿದ್ದೆ.

ಅವಳು ಮದುವೆಯಾಗಿ ಸೇರಿದ್ದು ತ್ರಿಪ್ಲಿಕೇನಿನ ಹಳೆಯ ಮಾಧ್ವ ಮನೆ. ಆ ಮನೆಯ ಮಾತಿನಲ್ಲಿ ತಮಿಳು ಬೇಕಾದಷ್ಟು ಬೆರೆತಿದೆ, ಮಡಿಯಲ್ಲಿ ಏನೂ ಬೆರೆತಿಲ್ಲ. ಈ ಕೆಲಸ ಸಿಕ್ಕಾಗ ಮಾವ ವಿಷ್ಣುತೀರ್ಥರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿನ ಅಡುಗೆಮನೆಗೆ ನೀನು ಹೋಗಬೇಕೇನಮ್ಮಾ?"

"ಇಲ್ಲ ಮಾವ, ಚೀಟಿ ಬರೆದು ಕಳಿಸಿದ್ರೆ ಸಾಕು."

ಆಸ್ಪತ್ರೆಗೆ ಎರಡು ಅಡುಗೆಮನೆ. ಸಸ್ಯಾಹಾರದ್ದು ಅವಳ ಕೋಣೆಯ ಪಕ್ಕದಲ್ಲೇ. ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಗಂಜಿಯ ಹದ ನೋಡುತ್ತಿದ್ದಳು. ಮಾಂಸಾಹಾರದ್ದು ನೆಲಮಾಳಿಗೆಯಲ್ಲಿ. ಅಲ್ಲಿಗೆ ಅವಳ ಚೀಟಿ ಮಾತ್ರ ಇಳಿಯುತ್ತಿತ್ತು. ಅದು ಯಾರಿಗೂ ದೋಷವೆನಿಸಲಿಲ್ಲ. ಕೋಳಿ, ಮೀನು, ಕುರಿ ಎಲ್ಲವೂ ಅವಳಿಗೆ ಪೋಷಕಾಂಶಗಳ ಪಟ್ಟಿಯಲ್ಲಿದ್ದ ಸಾಲುಗಳು.

ಹೋದ ಮಾರ್ಚ್‌ನಲ್ಲಿ ಗಂಗಾಧರ ಎಂಬ ಎಪ್ಪತ್ತರ ರೋಗಿ ಬಂದರು. ಮಂಡ್ಯ ಕಡೆಯವರು, ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು, ಈಗ ಬೆಸೆಂಟ್ ನಗರದಲ್ಲಿ ವಾಸ. ಹೃದಯ ದುರ್ಬಲವಾಗಿ ಮೈಯಲ್ಲಿ ನೀರು ತುಂಬುತ್ತಿತ್ತು. ನೀರಿಳಿಸುವ ಮಾತ್ರೆ ಕೊಟ್ಟು ಉಪ್ಪನ್ನು ಕಟ್ಟುನಿಟ್ಟಾಗಿ ಇಳಿಸಿದ್ದರು. ಉಪ್ಪಿಲ್ಲದ ಊಟವನ್ನು ಅವರು ಮುಟ್ಟಲೊಲ್ಲರು. ಹತ್ತು ದಿನದಲ್ಲಿ ತೋಳು ಕಡ್ಡಿಯಾಯಿತು. ಹೆಂಡತಿ ಚಿಕ್ಕತಾಯಮ್ಮ ಚಮಚ ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದರು.

"ಏನು ಕೊಟ್ಟರೆ ತಿನ್ತೀರಿ, ಅದನ್ನಾದರೂ ಹೇಳಿ," ಎಂದಳು ರಮಾಬಾಯಿ.

"ಹ್ಯಾಮು. ಹಂದಿ ತೊಡೆ ಕಣಮ್ಮಾ. ಹಡಗಲ್ಲಿ ಬೆಳಗಾದ್ರೆ ಅದೇ. ಕೊಬ್ಬಿಲ್ದಿರೋ ತುಂಡು ಕೊಡಿ, ತಿಂತೀನಿ."

"ಸುಮ್ಕಿರಿ," ಎಂದು ಚಿಕ್ಕತಾಯಮ್ಮ ಗದರಿದರು. "ಆಯಮ್ಮ ಬ್ರಾಂಬ್ರು. ಅವ್ರ ಮುಂದೆ ಏನ್ ಹೆಸ್ರು ತಗೀತೀರಿ."

"ಪರವಾಯಿಲ್ಲೆ. ನನಗೆ ಅದು ಪುಸ್ತಕದಲ್ಲಿ ಇರೋದೇ."

"ಪುಸ್ತಕದ ಹಂದಿನೇ ವಾಸಿ ಬಿಡಿ," ಎಂದರು ಗಂಗಾಧರ. "ಕೆಸರು ಮೆತ್ತಿರಲ್ಲ."

ಕೊಬ್ಬು ತೆಗೆದ ಹಂದಿ ತೊಡೆ ಪೋಷಣೆಯ ದೃಷ್ಟಿಯಿಂದ ತಳ್ಳಿಹಾಕುವ ಆಹಾರವಲ್ಲ. ನೂರು ಗ್ರಾಮಿನಲ್ಲಿ ಸುಮಾರು ಇಪ್ಪತ್ತು ಗ್ರಾಂ ಪ್ರೋಟೀನು, ಕೊಬ್ಬು ಐದೇ ಗ್ರಾಂ. ಬಿ-ಒನ್ ಜೀವಸತ್ವ ಬೇರೆ ಮಾಂಸಗಳಿಗಿಂತ ಬಹಳ ಹೆಚ್ಚು. ನೀರಿಳಿಸುವ ಮಾತ್ರೆ ತಿನ್ನುವವರ ಮೈಯಿಂದ ಸೋರಿಹೋಗುವುದೂ ಅದೇ. ರಮಾಬಾಯಿ ಪಟ್ಟಿ ತೆರೆದಳು. ಸೋಡಿಯಂ, ಅಂದರೆ ಉಪ್ಪಿನ ಅಂಶ, ಅರವತ್ತು ಮಿಲಿಗ್ರಾಂ ಎಂದು ಓದಿದಳು. ರೋಗಿಗೆ ಇಡೀ ದಿನಕ್ಕೆ ಎರಡು ಸಾವಿರದ ಮಿತಿ. ಹಾಗಾಗಿ ಚೀಟಿ ಬರೆದಳು: ಕೊಬ್ಬಿಲ್ಲದ ಹ್ಯಾಮ್, ದಿನಕ್ಕೆ ನೂರೈವತ್ತು ಗ್ರಾಂ, ಉಪ್ಪು ಹಾಕಕೂಡದು.

ಗಂಗಾಧರ ತಟ್ಟೆ ಖಾಲಿ ಮಾಡಿದರು. ಮೂರು ದಿನ ಎಲ್ಲರೂ ರಮಾಬಾಯಿಯನ್ನು ಹೊಗಳಿದರು.

ಹ್ಯಾಮ್ ಶುರುವಾದ ಆರನೆಯ ದಿನ ತೂಕ ನಾಲ್ಕು ಕಿಲೋ ಏರಿತ್ತು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಎಲ್ಲಿಂದಲೋ ಉಪ್ಪು ಹೋಗುತ್ತಿದೆ, ಅದು ಸಿಗದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ ಎಂದರು ವೈದ್ಯರು. ರಮಾಬಾಯಿ ನೇರವಾಗಿ ಚಿಕ್ಕತಾಯಮ್ಮನ ಚೀಲಕ್ಕೆ ಕೈ ಹಾಕಿದಳು. ನರ್ಸುಗಳ ಮುಂದೆ, ಪಕ್ಕದ ಹಾಸಿಗೆಯವರ ಮುಂದೆ ಅದನ್ನು ಬಗ್ಗಿಸಿದಳು. ಒಂದು ಟವೆಲ್ಲು, ಎಲೆ ಅಡಿಕೆ, ಅಂಗೈಯಗಲದ ಶೀಶೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ.

"ಅದು ನಂದು. ಕ್ಯಾಂಟೀನ್ ಮೊಸರನ್ನಕ್ಕೆ ನೆಂಚ್ಕಳಾಕೆ."

"ನಿಮ್ಮವರ ಬಾಯಿಗೆ ಎಷ್ಟು ಹಾಕಿದಿರಿ?"

"ಒಂದ್ ಹೋಳೂ ಇಲ್ಲ. ಬೇಕಾದ್ರೆ ಅವ್ರನ್ನೇ ಕೇಳಿ."

ಗಂಗಾಧರ ದಿಂಬಿಗೆ ಒರಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ರಮಾಬಾಯಿ ರೋಗಿಯ ಕಡತದಲ್ಲಿ ಇಂಗ್ಲಿಷಿನಲ್ಲಿ ಬರೆದಳು: ರೋಗಿಯ ಪತ್ನಿ ಚಿಕ್ಕತಾಯಮ್ಮ ಹೊರಗಿನಿಂದ ಉಪ್ಪಿನಕಾಯಿ ತಂದು ತಿನ್ನಿಸಿದ್ದಾರೆ. ಅಂದಿನಿಂದ ಹೆಂಡತಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ. ಹ್ಯಾಮಿನ ತಟ್ಟೆ ಮಾತ್ರ ತಪ್ಪದೆ ಹೋಗುತ್ತಿತ್ತು. ಎಂಟನೆಯ ದಿನ ಆಮ್ಲಜನಕದ ಮುಖವಾಡ ಬಂತು. ಆ ಮುಖವಾಡ ಸರಿಸಿ ಅವರು ಹ್ಯಾಮ್ ತಿಂದರು.

ಅದೇ ಮಧ್ಯಾಹ್ನ ಚಿಕ್ಕತಾಯಮ್ಮ ಅವಳ ಕೋಣೆಗೆ ಬಂದರು. ಲಿಫ್ಟಿನ ಬಳಿಯ ಬೆಂಚಿನಲ್ಲಿ ಕಾದಿದ್ದು, ಎಂಜಲು ತಟ್ಟೆಗಳ ಗಾಡಿಯನ್ನು ತಡೆದು ಗಂಡ ಬಿಟ್ಟಿದ್ದ ತುಂಡನ್ನು ಎತ್ತಿಕೊಂಡಿದ್ದರು. ಕಾಗದದಲ್ಲಿ ಸುತ್ತಿದ್ದ ಅದನ್ನು ಮೇಜಿನ ಮೇಲಿಟ್ಟರು. ರಮಾಬಾಯಿ ಕುರ್ಚಿ ಹಿಂದಕ್ಕೆ ಸರಿಸಿದಳು.

"ನೀವ್ ತಿನ್ನಾಕಿಲ್ಲ ಅಂತ ಗೊತ್ತು. ನಾನ್ ತಿಂದಿವ್ನಿ. ಉಪ್ಪಲ್ಲಿ ಒಣಮೀನೇ ಇದಕ್ಕಿಂತ ವಾಸಿ, ಅಮ್ಮಾವ್ರೆ. ಉಪ್ಪು ಯಾರ್ ಕೊಟ್ರು ಅಂತ ನನ್ ಚೀಲ ತಡಕಿದ್ರಲ್ಲ. ಇದ್ನ ಕೊಟ್ಟೋರ್ ಯಾರು?"

ಅವಳು ಪಟ್ಟಿಯನ್ನು ಮತ್ತೆ ತೆರೆದಳು. ಕೊಬ್ಬಿಲ್ಲದ ಹ್ಯಾಮ್, ತಾಜಾ: ಸೋಡಿಯಂ ಅರವತ್ತು. ಅದರ ಕೆಳಗಿನ ಸಾಲು, ಕೊಬ್ಬಿಲ್ಲದ ಹ್ಯಾಮ್, ಉಪ್ಪಿನಲ್ಲಿ ಹದ ಮಾಡಿದ್ದು: ಸಾವಿರದ ಮುನ್ನೂರು. ಪ್ರೋಟೀನು, ಕೊಬ್ಬು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ದಿನಕ್ಕೆ ನೂರೈವತ್ತು ಗ್ರಾಂ ಎಂದರೆ ಇಡೀ ದಿನದ ಮಿತಿ ಆ ಒಂದೇ ತಟ್ಟೆಯಲ್ಲಿ.

ಮೊದಲು ವಾರ್ಡಿಗೆ ಫೋನು ಮಾಡಿ ತಟ್ಟೆ ನಿಲ್ಲಿಸಿದಳು, ವೈದ್ಯರಿಗೆ ಹೇಳಿದಳು. ಆಮೇಲೆ ನೆಲಮಾಳಿಗೆಯ ಮೆಟ್ಟಿಲಿಳಿದಳು. ಅಲ್ಲಿನ ಅಡುಗೆ ಮೇಸ್ತ್ರಿ ತಿರುಮಲೇಶ ಅವಳನ್ನು ಬಾಗಿಲಲ್ಲಿ ಕಂಡು ಎದ್ದೇ ನಿಂತ. ಅವನು ತೆಗೆದುಕೊಟ್ಟ ಪ್ಲಾಸ್ಟಿಕ್ ಹೊದಿಕೆಯೊಳಗೆ ಗುಲಾಬಿ ಬಣ್ಣದ ತೆಳ್ಳನೆಯ ಹಾಳೆಗಳು. ಮಾಂಸ ಹೀಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಹೊದಿಕೆಯ ಮೇಲಿನ ಸಣ್ಣಕ್ಷರ ಓದಿದಳು. ಪದಾರ್ಥಗಳ ಪಟ್ಟಿಯಲ್ಲಿ ಎರಡನೆಯ ಹೆಸರೇ ಉಪ್ಪು.

"ನನಗೆ ಬೇಕಿದ್ದದ್ದು ತಾಜಾ."

"ಹ್ಯಾಮ್ ಅಂತ ಬರೆದಿದ್ರಿ ಅಮ್ಮಾ. ಅಂಗಡಿಯಲ್ಲಿ ಹ್ಯಾಮ್ ಅಂದ್ರೆ ಇದೇ. ಉಪ್ಪಿಲ್ದೆ ಇದ್ರೆ ಬರೀ ಹಂದಿ."

"ಇದು ಇಷ್ಟು ಉಪ್ಪು ಅಂತ ನೀನು ಯಾಕಪ್ಪಾ ಹೇಳಲಿಲ್ಲ?"

"ನಿಮಗೆ ತೆರಿಯಾದು, ಗೊತ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಉಪ್ಪು ಹಾಕಬೇಡ ಅಂದ್ರಿ. ಸತ್ಯವಾಗಿ ಒಂದು ಕಲ್ಲೂ ಹಾಕಲಿಲ್ಲ."

ಇದನ್ನೆಲ್ಲ ಅವಳೇ ಬಂದು ನನಗೆ ಹೇಳಿದಳು. ಉಪ್ಪಿನಲ್ಲಿ ಮಾಂಸ ಹದ ಮಾಡುವ ಪಾಠವನ್ನು ನಾನೇ ಮಾಡಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಇವಳು ಪೂರ್ತಿ ಅಂಕ ತೆಗೆದಿದ್ದಳು. ಹ್ಯಾಮ್ ತಿನ್ನುವವರ ಮನೆಯ ಮಗು ಕೂಡ ಮಾಡದ ತಪ್ಪನ್ನು ಮಾಡಿದ್ದಳು. ಹೇಗೆ ಎಂದು ಕೇಳಿದೆ.

"ಆ ಪುಟದ ಮೇಲೆ ಕಣ್ಣು ನಿಲ್ಲಲಿಲ್ಲ ಮೇಡಂ," ಎಂದಳು. "ಬೇಗ ಮುಚ್ಚಬೇಕು ಅನ್ನಿಸಿತ್ತು."

ಗೊತ್ತಿಲ್ಲದ್ದರಿಂದ ಆದ ತಪ್ಪಲ್ಲ ಅದು, ಹೇಸಿಗೆಯಿಂದ ಆದದ್ದು. ನಾನು ಅವಳನ್ನು ಸಮಾಧಾನಪಡಿಸಲಿಲ್ಲ.

ಚುಚ್ಚುಮದ್ದಿನಿಂದ ನೀರು ಇಳಿಯಿತು. ಮೂರು ದಿನಕ್ಕೆ ಗಂಗಾಧರರ ಮುಖವಾಡ ತೆಗೆದರು. ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು, ಜೀವ ಉಳಿಯಿತು. ರಮಾಬಾಯಿ ಹೋಗಿ ಹಾಸಿಗೆಯ ಪಕ್ಕ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಅವರು ತಲೆಯಾಡಿಸಿದರು.

"ಗೊತ್ತಿತ್ತು. ಮೂವತ್ತು ವರ್ಸ ತಿಂದೋನಿಗೆ ಉಪ್ಪು ಗೊತ್ತಾಗಲ್ವಾ?"

"ಮತ್ತೆ ನಿಮ್ಮ ಹೆಂಡತಿಯ ಚೀಲ ಬಗ್ಗಿಸುವಾಗ?"

"ಬಾಯ್ಬಿಟ್ರೆ ನಿಲ್ಲಿಸಿಬಿಡ್ತಿದ್ರಲ್ಲ, ತಾಯಿ."

ಅದನ್ನು ಅವರು ನಾಚಿಕೆಯಿಲ್ಲದೆ ಹೇಳಿದರು. ಹಸಿದ ಮನುಷ್ಯ ಹಾಗೆಯೇ ಹೇಳುತ್ತಾನೆ ಎಂದು ನನಗೆ ತಿಳಿದಿದೆ. ಆದರೂ ನಲವತ್ತೈದು ವರ್ಷ ಜೊತೆಗಿದ್ದವಳನ್ನು ಆರು ಹಾಳೆ ಮಾಂಸಕ್ಕೆ ಬಿಟ್ಟುಕೊಟ್ಟದ್ದು ರಮಾಬಾಯಿಗೆ ಇವತ್ತಿಗೂ ಅರಗಿಲ್ಲ, ನನಗೂ ಇಲ್ಲ.

ವೈದ್ಯಾಧಿಕಾರಿ ಶ್ರೀಕಾಂತ್ ಅವಳನ್ನು ಕರೆಸಿದರು. ನಿಮ್ಮ ನಿವೃತ್ತಿಗೆ ಎಂಟು ತಿಂಗಳಿದೆ, ಕಡತದಲ್ಲಿ ಉಪ್ಪಿನಕಾಯಿ ಎಂದು ಆಗಲೇ ಬರೆದಾಗಿದೆ, ರೋಗಿಯೂ ಗೊತ್ತಿದ್ದು ಮುಚ್ಚಿಟ್ಟರು ಎಂದು ಸೇರಿಸಿಬಿಡಿ, ಇಲ್ಲದಿದ್ದರೆ ನಿಮ್ಮನ್ನು ವಾರ್ಡಿನಿಂದ ತೆಗೆಯಬೇಕಾಗುತ್ತದೆ ಎಂದರು.

"ಅವರಿಗೆ ಗೊತ್ತಿದ್ದದ್ದು ನಾಲಿಗೆಯಿಂದ, ಡಾಕ್ಟರ್," ಎಂದಳು ರಮಾಬಾಯಿ. "ನನಗೆ ಗೊತ್ತಿರಬೇಕಿದ್ದದ್ದು ಓದಿನಿಂದ. ಸಂಬಳ ನನಗೆ ಕೊಟ್ಟಿದ್ದೀರಿ."

ಕಡತ ತೆಗೆದುಕೊಂಡು ಅವಳು ಲಿಫ್ಟಿನ ಬಳಿಯ ಬೆಂಚಿಗೆ ಹೋದಳು. ಚಿಕ್ಕತಾಯಮ್ಮನ ಪಕ್ಕದಲ್ಲಿ ಕೂತು ತಾನು ಬರೆದಿದ್ದ ಸಾಲನ್ನು ಕನ್ನಡದಲ್ಲಿ ಹೇಳಿದಳು. ಅದರ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದಳು. ಚಿಕ್ಕತಾಯಮ್ಮ ಬಗ್ಗಿ ನೋಡಿದರು.

"ಇದ್ರಾಗೆ ನನ್ ಹೆಸ್ರು ಯಾವ್ದು?"

ರಮಾಬಾಯಿ ಬೆರಳಿಟ್ಟು ತೋರಿಸಿದಳು.

"ಗೀಟು ಹೊಡದ್ರೂ ಕಾಣ್ತದಲ್ಲ."

"ಪೂರ್ತಿ ಅಳಿಸೋ ಹಾಗಿಲ್ಲ. ಹಳೇ ಬರಹ ಓದೋಕೆ ಬರಬೇಕು, ಅದು ನಿಯಮ."

"ಹಂಗಾದ್ರೆ ನಾಳೆ ಓದೋರು ನನ್ ಹೆಸ್ರೂ ಓದ್ತಾರೆ."

"ಓದ್ತಾರೆ."

ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಿಮ್ದು ಅದಕ್ಕಿಂತ ದಪ್ಪಕ್ಸರದಲ್ಲಿ ಬರೀರಿ. ನಾನ್ ನೋಡ್ತೀನಿ."

ರಮಾಬಾಯಿ ಕಡತವನ್ನು ಮೊಣಕಾಲ ಮೇಲಿಟ್ಟುಕೊಂಡು ಹ್ಯಾಮ್, ಉಪ್ಪು, ತನ್ನ ಪೂರ್ತಿ ಹೆಸರು ಎಲ್ಲವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಳು. ಅರ್ಧ ಪುಟ ಹಿಡಿಯಿತು. ಓದಲು ಬಾರದ ಆ ಹೆಂಗಸು ಕೊನೆಯ ಅಕ್ಷರದವರೆಗೂ ಪೆನ್ನಿನಿಂದ ಕಣ್ಣು ತೆಗೆಯಲಿಲ್ಲ.